ಅಂಗೈ ಪರದೆಯ ಒಡಪು

೩ ಆಗಸ್ಟ್ ೧೯೯೯, ಮಂಗಳವಾರ. ಸಿಂಧನೂರು

ಅಂಗಡಿ ತೆಗೆದೆ. ವಿಸಿಆರ್ ಹೆಡ್ ಒರೆಸಿದೆ. ಬಾಡಿಗೆಗೆ ಹೋದ ಕ್ಯಾಸೆಟ್‌ಗಳು ವಾಪಸ್ ಬಂದವು, ಪುಣ್ಯಾತ್ಮರು ಒಂದನ್ನೂ ರಿವೈಂಡ್ ಮಾಡಿಲ್ಲ. ಕೇಬಲ್ ಬಂದ ಮೇಲೆ ಒಯ್ಯುವವರೂ ಕಡಿಮೆ. ಮದುವೆ ಶೂಟಿಂಗ್ ಇದೆ, ಅದಕ್ಕೆ ಊಟ ಇದೆ.

ಮಧ್ಯಾಹ್ನ ಆರ್.ಎಚ್. ಕ್ಯಾಂಪಿನ ಬಂಗಾಲಿ ಪಾರ್ಟಿ ಬಂದು ಜಗಳ. ತಾಳಿ... ಅಲ್ಲ, ಅವರಲ್ಲಿ ಕುಂಕುಮ ಹಚ್ಚುವಾಗ ಹೆಂಗಸರು ನಾಲಿಗೆ ಆಡಿಸಿ ಕೂಗುತ್ತಾರಲ್ಲ, ಆ ಸದ್ದು ಎಲ್ಲಿ ಎಂದು. ಎಲ್ಲಿರುತ್ತದೆ? ಅಳಿಸಿ ಸಿನಿಮಾ ಹಾಡು ಕೂರಿಸಿದ್ದೇನೆ. ಮಿಕ್ಸಿಂಗ್ ಎಂದರೆ ಅದೇ. ಸದ್ದು ತೆಗಿ, ಹಾಡು ಹಾಕು, ಮಾಸ್ಟರ್ ಕ್ಯಾಸೆಟ್ ಮೇಲೆ ಮುಂದಿನ ಮದುವೆ ತೆಗಿ. ಈ ದಂಧೆಯಲ್ಲಿ ಎಲ್ಲರೂ ಹೀಗೇ.

"ಹಾಡು ರೇಡಿಯೋದಾಗೂ ಬರ್ತಾವ್ರಿ. ನಮ್ಮವ್ವನ ದನಿ ಎಲ್ಲಿ ಬರ್ತೈತಿ?" ಎಂದ ಹುಡುಗಿಯ ಅಪ್ಪ. ಬಂಗಾಲಿಯವನಾದರೂ ಕನ್ನಡ ನನಗಿಂತ ಗಟ್ಟಿ.

ಆತ ಹೋದ ಮೇಲೆ ತುರ್ವಿಹಾಳದ ಮದುವೆಯ ಹಳೇ ಕ್ಯಾಸೆಟ್ ಹುಡುಕಿ ಹಾಕಿದೆ. ಸಂಜೆ ತನಕ ಗಿರಾಕಿ ಬಂದರೂ ಏಳಲಿಲ್ಲ.

೪ ಆಗಸ್ಟ್

ಅಂಗಡಿಯ ಇಷ್ಟೂ ಕ್ಯಾಸೆಟ್‌ಗಳಲ್ಲಿ ಪಾರ್ವತಿ ಇರುವುದು ಅದೊಂದರಲ್ಲೇ. ನನ್ನ ಹೆಂಡತಿ. ಹೋದ ಕಾರ್ತಿಕದಲ್ಲಿ ಕಾಮಾಲೆ ಆಗಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ದಿನವೂ ನನಗೆ ಅಳು ಬರಲಿಲ್ಲ. ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಒಳಗೆ ಏನೂ ಅಲುಗಲಿಲ್ಲ, ಈಗಲೂ ಇಲ್ಲ.

ಕ್ಯಾಸೆಟ್‌ನಲ್ಲಿ — ತುರ್ವಿಹಾಳದ ಆದೆಪ್ಪನ ಮಗಳ ಮದುವೆ. ಹೆಂಗಸರು ಪಾರ್ವತಿಯನ್ನು ಸುತ್ತುಗಟ್ಟಿ ಗಂಡನ ಹೆಸರು ಹೇಳು ಎಂದು ಕಾಡುತ್ತಿದ್ದಾರೆ. ಗಂಡನ ಹೆಸರು ಬರಿಬಾಯಲ್ಲಿ ಹೇಳುವಂತಿಲ್ಲ, ಪ್ರಾಸ ಹೊಂದಿಸಿ ಒಡಪು ಕಟ್ಟಿಯೇ ಹೇಳಬೇಕು. ನಮ್ಮ ಮದುವೆಯಲ್ಲೂ ಕಾಡಿದ್ದರು. ತಲೆ ತಗ್ಗಿಸಿ ಕೂತಳು, ಹೇಳಲೇ ಇಲ್ಲ. ಆಮೇಲೂ ಹೇಳಲಿಲ್ಲ. ಒಮ್ಮೆ ಸಿಟ್ಟಿಗೆದ್ದು ಕೇಳಿದ್ದೆ — ನನ್ನ ಹೆಸರಿಗೆ ಏನಾಗಿದೆ? "ಹೇಳೂವಷ್ಟು ಮನಸ್ಸು ಬಂದಾಗ ಹೇಳ್ತೀನಿ. ಈಗೇನು ಅವಸರ ಬಿದ್ದೈತಿ?" ಅಂದಿದ್ದಳು.

ತುರ್ವಿಹಾಳದಲ್ಲಿ ಮಾತ್ರ ಸೀದಾ ಕ್ಯಾಮೆರಾ ನೋಡಿ ಏನೋ ಅಂದಿದ್ದಾಳೆ. ತುಟಿ ಅಲುಗುತ್ತವೆ. ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ನಾನು ಕ್ಯಾಮೆರಾ ಹಿಡಿದು ಬ್ಯಾಂಡಿನವರ ಪಕ್ಕ ನಿಂತಿದ್ದೆ, ಕೇಳಿಸಲಿಲ್ಲ. ಆ ವಾರ ನಮ್ಮಿಬ್ಬರ ನಡುವೆ ಮಾತೂ ಇರಲಿಲ್ಲ. ಏನಂದೆ ಎಂದು ಕೇಳಲಿಲ್ಲ. ಆಮೇಲೆ ಆ ಜಾಗಕ್ಕೂ ಹಾಡು ಕೂರಿಸಿದೆ, ಮಾಸ್ಟರ್ ಮೇಲೆ ಬೇರೆ ಮದುವೆ ತೆಗೆದೆ.

ಹೆಸರು ಹೇಳಿದಳೋ, ಅಥವಾ ಹೇಳುವುದಿಲ್ಲ ಎಂದು ನಗಿಸಿದಳೋ. ಇಷ್ಟು ಗೊತ್ತಾದರೆ ಸಾಕು. ಬೇರೇನೂ ಬೇಡ ನನಗೆ.

೬ ಆಗಸ್ಟ್

ಆದೆಪ್ಪನಿಗೆ ಫೋನ್.

"ಏನೋ ಅಂದ್ಳಪಾ ಗಾಳೆಪ್ಪ. ಆ ಬ್ಯಾಂಡಿನ ಗದ್ದಲದಾಗ ಯಾರಿಗೆ ಕೇಳಬೇಕು? ಹೇಳಿದ್ಳು ಅಂತಾಳ ನಮ್ಮ ತಂಗಿ. ಬಾಯಿ ಬಿಡಲಿಲ್ಲ ಅಂತಾಳ ನಮ್ಮಾಕಿ. ಇಬ್ರೂ ಈಗ ಅದ್ಕ ಜಗಳಾಡಾಕತ್ತಾರ. ಎಲ್ಲಿ ಹಚ್ಚಿದಿ ಮಾರಾಯ!"

ಒಬ್ಬರೇ ಹೇಳಬಲ್ಲರು. ಅತ್ತೆ, ಪಾಮನಕಲ್ಲೂರಿನ ಅಮರಮ್ಮ. ಪಾರ್ವತಿ ತೊಟ್ಟಿಲಲ್ಲಿದ್ದಾಗ ಅತ್ತೆಗೆ ಜ್ವರ ಬಂದು ಕಿವಿ ಹೋದವು. ಅಂದಿನಿಂದ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಮಗಳ ತುಟಿಯಂತೂ ಓಣಿಯ ಆ ತುದಿಯಿಂದ ಓದುತ್ತಿದ್ದರು. ಈಗ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ. ಒಂದು ಕಣ್ಣು ಪೂರ್ತಿ ಇಲ್ಲ, ಇನ್ನೊಂದು ಗೇಣು ದೂರದ್ದು ಮಾತ್ರ ಕಾಣುತ್ತದೆ. ಟೀವಿಯನ್ನು ಗೇಣು ದೂರದಲ್ಲಿ ಇಟ್ಟರೆ ಮುಖವೆಲ್ಲ ಬರೀ ಗೆರೆ. ಅಲ್ಲಿಯ ವೋಲ್ಟೇಜಿಗೆ ವಿಸಿಆರ್ ಏಳುವುದೂ ಇಲ್ಲ.

೧೨ ಆಗಸ್ಟ್. ಲಿಂಗಸುಗೂರು

ಬಂದೇಸಾಬನ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಮೊದಲು ಹೈದರಾಬಾದಿನಲ್ಲಿ ಮಿಕ್ಸಿಂಗ್ ಮಾಡುತ್ತಿದ್ದವನು, ಹಳೇ ದೋಸ್ತ್. ಪೂರ್ತಿ ಕೇಳಿಸಿಕೊಂಡ. ಚಹಾ ತರಿಸಿದ. ಆಮೇಲೆ ಹೆಂಡತಿಯ ತಮ್ಮ ಲಾಲ್‌ಸಾಬ್‌ನನ್ನು ಕರೆಸಿದ. ಜೆಡ್ಡಾದಿಂದ ರಜೆಗೆ ಬಂದಿದ್ದಾನೆ. ಅವನ ಕಿಸೆಯಲ್ಲಿ ಒಂದು ಕಂಪ್ಯೂಟರ್. ಎಲೆಅಡಿಕೆ ಸಂಚಿಯಷ್ಟೇ. ಮುಚ್ಚಳ ತೆಗೆದರೆ ಬಣ್ಣದ ಪರದೆ, ಸಣ್ಣ ಕಡ್ಡಿಯಿಂದ ಮುಟ್ಟಬೇಕು. ಸೆಲ್ಲಿನ ಮೇಲೆ ನಡೆಯುತ್ತದೆ, ಕರೆಂಟಿನ ಹಂಗಿಲ್ಲ.

"ಇದ್ರಾಗ ಪಿಕ್ಚರ್ ಓಡ್ತೈತೇನು?" ಎಂದೆ.

"ಓಡ್ತೈತಿ ಅಂತ ಡಬ್ಬಿ ಮ್ಯಾಲೆ ಬರದಾರ," ಎಂದು ನಕ್ಕ ಲಾಲ್‌ಸಾಬ್. "ನಾ ಮುಂದಿನ ತಿಂಗಳ ಮೊದಲ ಭಾನುವಾರ ಹೊಂಟೆ ನೋಡ್ರಿ. ಅಷ್ಟರಾಗ ಏನ್ ಮಾಡ್ತೀರಿ ಮಾಡ್ರಿ."

ಕ್ಯಾಸೆಟ್ ಬಂದೇಸಾಬನಿಗೆ ಕೊಟ್ಟೆ. ಹೈದರಾಬಾದಿಗೆ ಕಳಿಸಿ ಸಿಡಿ ಮಾಡಿಸುತ್ತಾನಂತೆ. ಕೊಟ್ಟು ಬಸ್ ಹತ್ತಿದ ಮೇಲೆ ಕೈ ಖಾಲಿ ಖಾಲಿ. ಕಳೆದು ಹೋದರೆ? ಹೋದರೆ ಹೋಯಿತು ಅಂದುಕೊಂಡೆ. ಮಸ್ಕಿ ಬರುವ ತನಕ ಅಂದುಕೊಳ್ಳುತ್ತಲೇ ಇದ್ದೆ.

೨೬ ಆಗಸ್ಟ್. ಲಿಂಗಸುಗೂರು

ಸಿಡಿ ಬಂದಿದೆ. ಬಂದೇಸಾಬ ಅದನ್ನು ಆ ಸಣ್ಣ ಯಂತ್ರಕ್ಕೆ ಇಳಿಸಿದ. ಚಿತ್ರ ಏನು ಸ್ವಚ್ಛ! ಮೂಗುತಿ ಕೂಡ ಕಂಡಿತು. ಆದರೆ ಓಡಲೊಲ್ಲದು. ನಿಲ್ಲುತ್ತದೆ, ಜಿಗಿಯುತ್ತದೆ. ಬಾಯಿ ತೆರೆದಿದೆ... ಮುಚ್ಚಿದೆ... ನಡುವಿನದೆಲ್ಲ ಮಾಯ.

ಚಿತ್ರ ಸಣ್ಣದು ಮಾಡಿದ. ಈಗ ಎಲ್ಲೂ ತಡೆಯದೆ ಓಡಿತು. ಆದರೆ ತುಟಿ ಎಲ್ಲಿ, ಹಲ್ಲು ಎಲ್ಲಿ? ಮುಖಕ್ಕೆ ಹಿಟ್ಟು ಮೆತ್ತಿದ ಹಾಗೆ.

"ಭಾಯಿ, ಕಿಸೇದಾಗಿನ ಮಷೀನ್ ಇದು. ಎತ್ತಿನ ಬಂಡಿ ಭಾರ ಹೇರಿದ್ರ ಹೆಂಗ ಎಳೀತೈತಿ? ಸಾಫ್ ಬೇಕಂದ್ರ ನಿಂತು ನಿಂತು ಹೋಗ್ತೈತಿ. ಓಟ ಬೇಕಂದ್ರ ಸಾಫ್ ಬಿಡಬೇಕು."

"ಎರಡೂ ಬೇಕು."

"ನಂಗೂ ಗೊತ್ತೈತಿ ಭಾಯಿ, ಎರಡೂ ಬೇಕು ಅಂತ," ಎಂದ. ಅವನ ಕಣ್ಣು ಕೆಂಪಾಗಿದ್ದವು. ನನ್ನವು ಒಣಗಿಯೇ ಇದ್ದವು. ನಾಚಿಕೆಯಾಯಿತು.

೨೯ ಆಗಸ್ಟ್, ಭಾನುವಾರ

ಲಾಲ್‌ಸಾಬ್‌ನನ್ನು ಕಟ್ಟಿಕೊಂಡು ಪಾಮನಕಲ್ಲೂರಿಗೆ ಹೋಗಿ ಬಂದೆ. ಆಗಿದ್ದಾಗಲಿ, ಸ್ವಚ್ಛ ಇರುವುದನ್ನೇ ತೋರಿಸೋಣ ಎಂದು. ಅತ್ತೆಯ ಸೊಸೆ ಕನಕಮ್ಮ ತಲೆದಿಂಬು ಎತ್ತರಿಸಿದಳು. ಕಣ್ಣಿಗೆ ಗೇಣು ದೂರ ಹಿಡಿದೆ.

ಅತ್ತೆ ಮಗಳನ್ನು ಕಂಡ ಕೂಡಲೇ ಪರದೆಯ ಕೆನ್ನೆ ಸವರಿದರು. ಚಿತ್ರ ನಿಂತುಬಿಟ್ಟಿತು — ಮುಟ್ಟಿದರೆ ನಿಲ್ಲುತ್ತದೆ ಅದು. ಮತ್ತೆ ಹಚ್ಚಿದ ಲಾಲ್‌ಸಾಬ್. ಮತ್ತೆ ಸವರಿದರು. ಕೊನೆಗೆ ಕನಕಮ್ಮ ಅವರ ಎರಡೂ ಕೈ ಹಿಡಿದು ಕೂತಳು.

"ನನ್ನ ಮಗಳು ಹಿಂಗ ತೊದಲತಿರಲಿಲ್ಲ ಅಳಿಯಂದ್ರ," ಎಂದರು ಅತ್ತೆ, ಕಿವಿ ಕೇಳದವರ ಗಟ್ಟಿ ದನಿಯಲ್ಲಿ. "ಮಾತು ಮುಕ್ಕಾಗಿ ಬೀಳಾಕತ್ತಾವು. ಊರ ಅಂದ್ಳು... ಮ್ಯಾಲೆ ತಿಳೀವಲ್ದು. ಚಂದಂಗ ಮಾತಾಡಾಕ ಹಚ್ರಿ ಆಕಿನ್ನ."

ಮಾತಾಡಲು ಹಚ್ಚಬೇಕಂತೆ. ಬಸ್ಸಿನಲ್ಲಿ ಲಾಲ್‌ಸಾಬ್ ಏನೇನೋ ಹೇಳುತ್ತಿದ್ದ. ಹೂಂ ಅಂದೆ.

೨ ಸೆಪ್ಟೆಂಬರ್

ಬಂದೇಸಾಬನ ಫೋನ್. ಮದುವೆ ಶೂಟಿಂಗಿಗೆ ಹೊರಟವನು ಹೋಗಲಿಲ್ಲ, ಬೇರೆಯವನನ್ನು ಕಳಿಸಿದೆ. ಪಾರ್ಟಿ ಬೈದುಕೊಂಡಿರಬೇಕು. ಬೈಯಲಿ.

"ಹಂದರ ಬ್ಯಾಡ, ಹೆಣಮಕ್ಳು ಬ್ಯಾಡ. ಬರೇ ಆಕಿ ಮಾರಿ, ಮುಖ ಅಷ್ಟ ಕತ್ತರಿಸಿ ಇಟ್ಕೊಂಡೀನಿ. ಮೆಮೊರಿ ಕಾರ್ಡಿಂದ ಓದಾಕ ತಡಾ ಆಕ್ಕಿತ್ತು, ಮಷೀನಿನ ಹೊಟ್ಟ್ಯಾಗ ಇಟ್ಟೀನಿ. ಇನ್ನೂ ಒಂಚೂರು ತಡೀತೈತಿ. ಒಂದ ಉಳದೈತಿ ನೋಡು, ಹಾಡು. ಆ ಹಾಡು ಬಿಚ್ಚಾಕ ಅರ್ಧ ತಾಕತ್ತು ಹೋಗಾಕತ್ತೈತಿ. ತೆಗೀಲೇನು?"

ನನ್ನನ್ನು ಕೇಳುತ್ತಾನೆ! ತೆಗಿ ಎಂದೆ. ಫೋನ್ ಹಿಡಿದುಕೊಂಡೇ ನಿಂತೆ.

"ಓಡಿತು ಭಾಯಿ. ತುಟಿನೂ ಐತಿ, ಓಟನೂ ಐತಿ. ಬಾ."

೪ ಸೆಪ್ಟೆಂಬರ್, ಶನಿವಾರ. ಪಾಮನಕಲ್ಲೂರು

ಮಸ್ಕಿಯಲ್ಲಿ ಬಸ್ಸಿಗೆ ಕಾದು ಕಾದು ತಲುಪಿದಾಗ ಹನ್ನೆರಡು ದಾಟಿತ್ತು. ಲಾಲ್‌ಸಾಬ್ ನಾಳೆ ಹೊರಡುವವನು, ಆದರೂ ಬಂದ. ಮನೆಯೊಳಗೆ ಕರೆಂಟಿಲ್ಲ. ಬೇಕಾಗಿಯೂ ಇಲ್ಲ.

ಹಿಡಿದೆ. ಈ ಸಲ ಅತ್ತೆ ತಾವಾಗಿಯೇ ಕೈ ಸೆರಗಿನೊಳಗೆ ಇಟ್ಟುಕೊಂಡರು. ಪಾರ್ವತಿಯ ಮುಖ ಅಂಗೈ ತುಂಬ. ಸದ್ದಿಲ್ಲ. ಹುಬ್ಬು ಏರಿತು, ಕೆಳದುಟಿ ಕಚ್ಚಿ ಬಿಟ್ಟಳು, ಮಾತು ಶುರು. ಎಲ್ಲೂ ತಡೆಯಲಿಲ್ಲ. ಪರದೆ ಅಲುಗದಂತೆ ಲಾಲ್‌ಸಾಬ್ ನನ್ನ ಮಣಿಕಟ್ಟು ಹಿಡಿದ.

ಮತ್ತೊಮ್ಮೆ ಹಚ್ಚು ಎಂದು ಅತ್ತೆ ಸನ್ನೆ ಮಾಡಿದರು. ಇನ್ನೊಮ್ಮೆ. ಆಮೇಲೆ ಅತ್ತೆ ನಕ್ಕುಬಿಟ್ಟರು. ಮಗಳು ಹೋದ ಮೇಲೆ ಅವರು ನಕ್ಕಿದ್ದು ನಾನು ಕಂಡಿರಲಿಲ್ಲ.

"ಒಡಪು ಕಟ್ಯಾಳಲ್ರೀ! ಭಾಳ ಚಾಲಾಕಿ ನನ್ನ ಮಗಳು." ಪರದೆ ನೋಡುತ್ತಲೇ ಒಂದೊಂದಾಗಿ ಹೇಳಿದರು, ಮಗಳ ರಾಗದಲ್ಲೇ —

"ಊರ ಮಾರಿಗೆಲ್ಲಾ ಲೈಟು ಹಿಡೀತಾನ,
ಮನ್ಯಾಗಿನ ಮಾರಿ ನೋಡಾಕ ಕ್ಯಾಮೆರಾ ತರ್ತಾನ,
ಮಾತು ಬಿಟ್ರೂ ಮನಸ್ಸು ಬಿಡಾಂಗಿಲ್ಲ,
ನನ್ನ ದೊರಿ..."

ಅಲ್ಲಿಗೆ ನಿಂತರು. ಪರದೆಯಲ್ಲಿ ಪಾರ್ವತಿಯ ತುಟಿ ಇನ್ನೂ ಒಂದು ಮಾತು ಆಡಿದವು. ಅತ್ತೆ ಅದನ್ನು ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು.

ಕನಕಮ್ಮ ಅವರ ಮುಖದ ಹತ್ತಿರ ಬಗ್ಗಿ ಕೇಳಿದಳು — "ಮುಂದ ಏನಂದ್ಳು? ಹೇಳ್ರಿ ಅತ್ತಿ, ಪಾಪ ಕುಂತಾರ ಅವ್ರು."

ಅತ್ತೆ ತಲೆ ಅಲ್ಲಾಡಿಸಿದರು. ಗೋಡೆಯ ಮೇಲಿನ ಮಾವನ ಫೋಟೋದ ಕಡೆ ಕೈ ತೋರಿಸಿದರು. "ನನ್ನ ಬಾಯಿಲೆ ಹೆಂಗ ಹೇಳಲವ್ವಾ? ನಿನಗ ಗೊತ್ತಿಲ್ಲೇನು?"

ಕನಕಮ್ಮನೂ ತುಟಿ ಕಚ್ಚಿಕೊಂಡಳು. ಅವಳೂ ಆ ಹೆಸರು ಎತ್ತುವಂತಿಲ್ಲ, ಗಂಡನ ಅಪ್ಪನದು.

ಮಾವ ತೀರಿಕೊಂಡು ಎಷ್ಟೋ ವರ್ಷ. ಅವರ ಹೆಸರೂ ನನ್ನದೇ, ಗಾಳೆಪ್ಪ.

ಲಾಲ್‌ಸಾಬ್‌ಗೆ ತಿಳಿಯಲಿಲ್ಲ. "ಏನಂದ್ರಂತ್ರೀ, ಹೆಸರು ಹೇಳ್ಯಾರೋ ಇಲ್ಲೋ?" ಎಂದು ನನ್ನನ್ನೇ ಕೇಳಿದ. ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಗಂಟಲಿಂದ ಏನೋ ಸದ್ದು ಬಂತು. ನನ್ನದೇ ಅಳು, ಇಷ್ಟು ದಿನ ಎಲ್ಲಿತ್ತೋ. ಅತ್ತೆಗೆ ಕೇಳಿಸುವುದಿಲ್ಲ ಅಂತ ತಡೆಯಲೂ ಇಲ್ಲ. ಆದರೆ ನೋಡಿದರು. ಸೆರಗಿನಿಂದ ಕೈ ತೆಗೆದು ನನ್ನ ಮುಖ ತಡಕಿ, ಕೆನ್ನೆ ಮೇಲೆ ಇಳಿಯುತ್ತಿದ್ದ ನೀರನ್ನು ಪರದೆ ಸವರಿದ ಹಾಗೇ ಸವರಿದರು, ಅದು ಮಾತ್ರ ನಿಲ್ಲಲಿಲ್ಲ.