ನಾಲ್ಕನೆಯ ತಟ್ಟೆ

ಸೆಪ್ಟೆಂಬರ್ 14, ಶನಿವಾರ, ಸಂಜೆ

ಕೈಯೆಲ್ಲ ಗ್ರೇವಿ ವಾಸನೆ. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಇರಲಿ! ಇವತ್ತಿನಿಂದ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆ ನನ್ನದು. ಅತ್ತೆ ಕೀಲಿ ಕೊಟ್ಟುಬಿಟ್ಟರು. ನನ್ನ ಗಂಡ — ಈ ಎರಡು ಪದ ಬರೆಯುವಾಗ ಇನ್ನೂ ನಗು ಬರುತ್ತದೆ — ನನ್ನ ಗಂಡ ಟುಡುರ್ ಹನ್ನೊಂದನೇ ನಂಬರಿನ ಅಂಗಿಯಲ್ಲಿ ಎಷ್ಟು ಚೆಂದ! ಕೆಸರು ಮೆತ್ತಿದ ಮೊಣಕಾಲೂ ಚೆಂದ.

ಪಂದ್ಯ ಸೋತೆವು. ಟುಡುರ್ ಆಚೆ ಅಂಚಿನಲ್ಲಿ, ಕಲ್ಲುಗಣಿ ಗುಡ್ಡೆಯ ಬುಡದಲ್ಲಿ, ಚೆಂಡು ಒದೆಯುತ್ತ ಓಡಿದ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಇದ್ದಕ್ಕಿದ್ದಂತೆ ನಿಂತುಬಿಟ್ಟ. ಸೀಟಿ ಇಲ್ಲ, ಏನಿಲ್ಲ.

ಆಮೇಲೆ ಹಾಲ್‌ನಲ್ಲಿ ಇದೇ ಗಲಾಟೆ. ಇದ್ರಿಸ್, ರಿಟೈರ್ಡ್ ಬಸ್ ಡ್ರೈವರ್, ಬಿಯರ್ ಗ್ಲಾಸ್ ಕುಕ್ಕಿ ಹೇಳಿದ: "ಸೀಟಿ ಊದ್ದೆ ನಿಲ್ಲೋದಾ? ಅದೇನು ಬಸ್ ಸ್ಟಾಪಾ?"

"ನಾನಂತೂ ಬಾವುಟ ಎತ್ತಿಲ್ಲಪ್ಪ," ಅಂದ ಆಲಿನ್. ಆ ಅಂಚಿನ ಲೈನ್ಸ್‌ಮನ್ ಅವನೇ.

"ಎತ್ತೋಕೆ ನೀನು ಚೆಂಡಿನ ಹತ್ರ ಇರ್ಬೇಕಲ್ಲ! ನಿನ್ನ ಮೊಣಕಾಲಿಗೆ ಇನ್ನೂ ಇಂಟರ್ವಲ್."

"ತಪ್ಪು ಹುಡುಗಂದಲ್ಲ ಕಣೋ, ಆಡ್ಸಿದ ರೀತೀದು. ಮಧ್ಯದಲ್ಲಿ ಮೂರು ಜನ ಸಂತೆಗೆ ಬಂದೋರ ಥರ ಓಡಾಡ್ತಿದ್ರು. ಪಾಸ್ ಕೊಡೋರು ಯಾರು?" ಅಂದ ಆಲಿನ್.

ಇದ್ರಿಸ್ ನನ್ನನ್ನು ಕೂರಿಸಿಕೊಂಡು ಪಾಠ ಬೇರೆ ಹೇಳಿದ. ಉಪ್ಪಿನ ಡಬ್ಬಿ ಟುಡುರ್. ವಿನೆಗರ್ ಬಾಟಲಿ ಎದುರಾಳಿಯ ಕೊನೆಯ ಡಿಫೆಂಡರ್. ಪಾಸ್ ಹೊರಟ ಗಳಿಗೆಯಲ್ಲಿ ಉಪ್ಪು ವಿನೆಗರ್‌ಗಿಂತ ಗೋಲ್ ಕಡೆಗೆ ಮುಂದಿದ್ದರೆ ಆಫ್‌ಸೈಡ್, ಲೈನ್ಸ್‌ಮನ್ ಬಾವುಟ ಮೇಲೆ. "ತಿಳೀತಾ ಮದುಮಗಳೇ?" ತಿಳೀತು! ಅಮ್ಮನಿಗೆ ಫೋನ್ ಮಾಡಿ ಹೇಳಬೇಕು.

ಇಲ್ಲಿಯ ಒಂದು ಪದ್ಧತಿ ನನಗೆ ತುಂಬ ಇಷ್ಟವಾಯಿತು. ಮೈದಾನದಲ್ಲಿ ರೆಫರಿಯ ಏಳು ತಲೆಮಾರನ್ನೂ ಬೈಯಬಹುದು. ಒಳಗೆ ಬಂದ ಮೇಲೆ ರೆಫರಿ, ಲೈನ್ಸ್‌ಮನ್‌ಗಳು ಅತಿಥಿಗಳು. ಕಿಟಕಿ ಪಕ್ಕ ಅವರದೇ ಮೇಜು. ಪೈ, ಬಟಾಣಿ, ಗ್ರೇವಿ ಮೊದಲು ಅವರಿಗೆ. ನಾಲ್ಕು ತಟ್ಟೆ ಹಾಕಿದೆ.

"ರೆಫರಿ ಒಬ್ರು, ಲೈನ್ಸ್‌ಮನ್ ಇಬ್ರು," ಅಂದರು ಅತ್ತೆ. "ನಾಲ್ಕನೇದು ಯಾರಿಗೆ ಮಗಳೇ?"

"ಆಚೆ ಅಂಚಲ್ಲಿ ಇಬ್ರಿದ್ರಲ್ಲ ಅತ್ತೆ. ಆಲಿನ್, ಮತ್ತೆ ಆ ವಯಸ್ಸಾದೋರು... ಕಪ್ಪು ಸ್ವೆಟರ್."

ಅತ್ತೆ ತಟ್ಟೆ ತೆಗೆಯಲಿಲ್ಲ. ಅದಕ್ಕೆ ಇನ್ನೊಂದು ಸೌಟು ಗ್ರೇವಿ ಹಾಕಿದರು.

ಎತ್ತುವಾಗ ತಟ್ಟೆ ಖಾಲಿ. ಇದ್ರಿಸ್ ತಿಂದನೆಂದು ಎಲ್ಲರೂ ಅವನನ್ನು ಗೋಳು ಹೊಯ್ದುಕೊಂಡರು. ಅವನು ಬೈಬಲ್ ಮೇಲೆ ಆಣೆ ಇಟ್ಟ. ನಕ್ಕೂ ನಕ್ಕೂ ಹೊಟ್ಟೆನೋವು.

ಸೆಪ್ಟೆಂಬರ್ 15, ಭಾನುವಾರ

ಈಗ ನಗು ಬರುತ್ತಿಲ್ಲ.

ಬೂಟಿನ ಕೆಸರು ಕೆರೆಯುತ್ತ ಟುಡುರ್ ತಾನಾಗಿಯೇ ಹೇಳಿದ. ಮಾವ ಹೃದಯಾಘಾತದಿಂದ ಹೋದರೆಂದು ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ.

ಕಳೆದ ಮಾರ್ಚ್. ಮಾವ ಆಚೆ ಅಂಚಿನ ಲೈನ್ಸ್‌ಮನ್. ಟುಡುರ್ ಒಬ್ಬನೇ ಮುನ್ನುಗ್ಗಿ ಗೋಲ್ ಹೊಡೆದ. ಮಾವನ ಬಾವುಟ ಮೇಲಿತ್ತು. ಗೋಲ್ ರದ್ದು. ಟುಡುರ್ ಸಿಟ್ಟಿನಲ್ಲಿ ತಿರುಗಿ ಇಡೀ ಮೈದಾನ ಕೇಳುವಂತೆ ಕೂಗಿದ, "ಕುರುಡು ಮುದುಕ!" ಮಾವ ಬಾವುಟ ಇಳಿಸಲಿಲ್ಲ. ಇಳಿಸದೆಯೇ ಬಿದ್ದರು.

"ಆಫ್‌ಸೈಡ್ ಅಂತ ಎತ್ತಿದ್ರೆ ಸರಿ, ಕೆರಿ. ಅದು ಅಪ್ಪನ ಕೆಲಸ. ಆದ್ರೆ ಎದೆನೋವು ಬಂದು ನನ್ನನ್ನ ಕರೆಯೋಕೆ ಎತ್ತಿದ್ರೆ?"

ಪಾಸ್ ಹೊರಟಾಗ ಟುಡುರ್ ಎಲ್ಲಿದ್ದ ಎಂದು ಕಂಡವರು ಯಾರೂ ಇಲ್ಲ. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಉಪ್ಪಿನ ಡಬ್ಬಿ, ವಿನೆಗರ್ ಬಾಟಲಿ ಇಟ್ಟು ಇಡೀ ಊರು ವಾದಿಸಿದ್ದು ಅದನ್ನೇ ಅಂತೆ. ಟುಡುರ್ ಬಂದ ಕೂಡಲೇ ಎಲ್ಲರೂ ಬಾಯಿ ಮುಚ್ಚುತ್ತಾರಂತೆ.

ಕಪ್ಪು ಸ್ವೆಟರ್ ವಿಷಯ ನಾನು ಹೇಳಲಿಲ್ಲ.

ಸೆಪ್ಟೆಂಬರ್ 28, ಶನಿವಾರ

ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಪ್ಪು ಸ್ವೆಟರಿನವರು ಇದ್ದಾರೆ. ಕೊನೆಯ ಡಿಫೆಂಡರ್‌ನ ಸಮಕ್ಕೆ ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಹುಲ್ಲು ಒದ್ದೆ. ಆಲಿನ್ ಓಡಿದರೆ ನೀರು ಚಿಮ್ಮುತ್ತದೆ. ಅವರು ಓಡಿದರೆ ಚಿಮ್ಮುವುದಿಲ್ಲ.

ಟುಡುರ್ ಮತ್ತೆ ಅದೇ ಜಾಗದಲ್ಲಿ ನಿಂತ. ಜನ ಛೀಮಾರಿ ಹಾಕಿದರು. ನನ್ನ ಟುಡುರ್‌ಗೆ!

ಅತ್ತೆ ಕಿಟಕಿಗೆ ಬೆನ್ನು ಹಾಕಿ ಬಟಾಣಿ ಕಲಕುತ್ತಿದ್ದರು. "ನಿನ್ನ ಮಾವ ಗ್ವಿಲಿಮ್ ಜೀವಮಾನದಲ್ಲಿ ಸುಳ್ಳು ಬಾವುಟ ಎತ್ತಿದೋರಲ್ಲ. ತಪ್ಪಾಯ್ತು ಅಂತ ಆಮೇಲೆ ಗೊತ್ತಾದ್ರೆ, ಆಚೆ ಟೀಮಿನೋರ ಮನೇಗೇ ಹೋಗಿ ಹೇಳಿ ಬರೋರು. ಮಳೇಲಿ, ಸೈಕಲ್ ತುಳ್ಕೊಂಡು. ಸುಳ್ಳು ತೀರ್ಪು ಉಳೀಬಾರ್ದು ಅನ್ನೋರು."

ತಟ್ಟೆ ಹಾಕಿದೆ. ಖಾಲಿಯಾಯಿತು. ಇದ್ರಿಸ್ ಇವತ್ತು ಬಂದೇ ಇರಲಿಲ್ಲ.

ಅಕ್ಟೋಬರ್ 27, ಭಾನುವಾರ

ಬರೆಯುವ ಮನಸ್ಸೇ ಆಗಿರಲಿಲ್ಲ.

ಟುಡುರ್ ಸೋಫಾದ ಮೇಲೆ ಮಲಗುತ್ತಾನೆ. ಅರ್ಧ ತಿಂದು ಏಳುತ್ತಾನೆ. ಬೂಟು ಯಾರಿಗಾದರೂ ಕೊಟ್ಟುಬಿಡು ಎಂದ. ಮದುವೆಯ ದಿನ ಕುರ್ಚಿ ಹತ್ತಿ ಹಾಡಿದ ಹುಡುಗ ಇವನೇನಾ?

"ಒಂದೇ ಒಂದು ವಿಷ್ಯ ಗೊತ್ತಾದ್ರೆ ಸಾಕು," ಎಂದ. "ಆಫ್‌ಸೈಡ್ ಇತ್ತು ಅಂತ ಯಾರಾದ್ರೂ ಖಚಿತವಾಗಿ ಹೇಳ್ಲಿ. ನಾನು ಬದುಕ್ತೀನಿ."

ನವೆಂಬರ್ 9, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಇನ್ನೂ ತಣ್ಣಗಿದೆ.

ಆಲಿನ್‌ನ ಮೊಣಕಾಲು ಕೊನೆಗೂ ಕೈಕೊಟ್ಟಿತು. ಪಂದ್ಯ ನಡೆಸುವ ಊರಿನ ಟೀಮಿನವರೇ ಲೈನ್ಸ್‌ಮನ್ ಕೊಡಬೇಕು. ಯಾರೂ ಮುಂದೆ ಬರಲಿಲ್ಲ, ಆ ಅಂಚಿಗೆ. ನಾನು ಬಂದೆ! ಇದ್ರಿಸ್ ಚಪ್ಪಾಳೆ ತಟ್ಟಿದ: "ಗಂಡನ್ನ ಹದ್ದುಬಸ್ತಲ್ಲಿ ಇಡೋಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ!" ಅಡುಗೆಮನೆ ಮೊಳೆಗೆ ನೇತುಹಾಕಿದ್ದ ಮಾವನ ಹಳೆಯ ಹಳದಿ ಬಾವುಟ ಅತ್ತೆ ತಂದುಕೊಟ್ಟರು. ಹಿಡಿಯ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಸವೆದ ಗುಳಿ. ನನ್ನ ಹೆಬ್ಬೆರಳು ಸರಿಯಾಗಿ ಕೂತಿತು.

ಅಲ್ಲಿ ಬೇರೆ ಯಾರೂ ಕಾಣಲಿಲ್ಲ. ಇವತ್ತು ನಾನೊಬ್ಬಳೇ ಎಂದುಕೊಂಡೆ.

ನಾನು ಯಾರಿಗೂ ಕೊಡದ ಬೂಟು ಹಾಕಿಕೊಂಡು ಟುಡುರ್ ಆಡಲು ಇಳಿದಿದ್ದ. ಸೆಕೆಂಡ್ ಹಾಫ್. ಪಾಸ್ ಬಂತು. ಟುಡುರ್ ಓಡಿದ. ನಿಲ್ಲಲಿಲ್ಲ! ನಾನು ಕೊನೆಯ ಡಿಫೆಂಡರ್‌ನ ಸಮಕ್ಕೆ ಓಡಿದೆ. ನೋಡಿದರೆ, ಟುಡುರ್‌ಗೆ ಗಡ್ಡ. ಮದುವೆಗೆಂದು ತೆಗೆಸಿದ ಗಡ್ಡ. ಹುಲ್ಲಿನ ಮೇಲೆ ಅಲ್ಲಲ್ಲಿ ಮಾರ್ಚ್ ತಿಂಗಳ ಹಿಮ. ಪಾಸ್ ಹೊರಟ ಗಳಿಗೆಯಲ್ಲಿ ಡಿಫೆಂಡರ್ ಅವನಿಗಿಂತ ಒಂದು ಹೆಜ್ಜೆ ಮುಂದೆ, ಗೋಲ್ ಕಡೆಗೆ ಇದ್ದ. ಸ್ಪಷ್ಟವಾಗಿ ಕಂಡೆ. ಆಫ್‌ಸೈಡ್ ಅಲ್ಲವೇ ಅಲ್ಲ.

ಆಗ ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಉಸಿರಿಲ್ಲ. ದನಿ ಇಲ್ಲ. ಯಾರಾದರೂ ನೋಡಲಿ, ಅವನು ನೋಡಲಿ, ನನ್ನ ಮಗ ನೋಡಲಿ... ಕೈ ಮೇಲೆದ್ದಿತು. ಗಡ್ಡದ ಟುಡುರ್ ತಿರುಗಿ ಬಾಯಿ ತೆರೆದ.

ಸೀಟಿ. ಹಿಮ ಇಲ್ಲ, ಗಡ್ಡ ಇಲ್ಲ. ಟುಡುರ್ ಸುಮ್ಮನೆ ನನ್ನನ್ನೇ ನೋಡುತ್ತಿದ್ದ. ಕೈ ಇಳಿಸಲು ರೆಫರಿಯೇ ಬರಬೇಕಾಯಿತು.

ಹಾಲ್‌ನಲ್ಲಿ ದೊಡ್ಡ ವಾದ. "ಸ್ವಂತ ಗಂಡನ ಗೋಲು ನುಂಗಿದ್ಳು!" ಎಂದ ಇದ್ರಿಸ್. "ನ್ಯಾಯ ಅಂದ್ರೆ ಅದು," ಎಂದ ಆಲಿನ್, ಕಾಲು ಚಾಚಿಕೊಂಡು. ಉಪ್ಪು ಸರಿಯಿತು, ವಿನೆಗರ್ ಸರಿಯಿತು. ಟುಡುರ್ ಮೇಜಿನ ಹತ್ತಿರ ಬಂದ. ಅವನೇ ಡಬ್ಬಿ ಎತ್ತಿಕೊಂಡ.

"ಅಪ್ಪ ನಿಂತ ಜಾಗದಲ್ಲೇ ನಿಂತಿದ್ದೆ ನೀನು. ನಾನು ಓಡಿದ್ದೂ ಅದೇ ಓಟ. ಹೇಳು ಕೆರಿ. ಅವತ್ತು ನಾನು ಆಫ್‌ಸೈಡಾ?"

ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟ.

"ಒಂದು ಗಜ ಮುಂದೆ," ಅಂದೆ. "ಯಾರಿಗಾದ್ರೂ ಕಾಣೋ ಅಷ್ಟು."

ಅತ್ತ. ನಕ್ಕ. ನನ್ನನ್ನು ಎತ್ತಿ ತಿರುಗಿಸಿದ. ಮೂರು ಪೈ ತಿಂದ! ಅತ್ತೆ ಮಾತ್ರ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಕಿಟಕಿ ಪಕ್ಕದ ಮೇಜು ಎತ್ತಲು ಹೋದೆ. ನಾಲ್ಕನೆಯ ತಟ್ಟೆ ಹಾಗೇ ಇತ್ತು. ಮುಟ್ಟಿರಲಿಲ್ಲ. ಗ್ರೇವಿ ಕೆನೆಗಟ್ಟಿತ್ತು. ಕುರ್ಚಿ ಮಾತ್ರ ಹಿಂದಕ್ಕೆ ಸರಿದಿತ್ತು, ಯಾರೋ ಊಟದ ಮಧ್ಯೆ ಎದ್ದುಹೋದ ಹಾಗೆ.

ನವೆಂಬರ್ 10, ಭಾನುವಾರ, ಮಧ್ಯಾಹ್ನ

ಟುಡುರ್ ರಾತ್ರಿ ಮಗುವಿನ ಹಾಗೆ ಮಲಗಿದ. ನನ್ನ ಪಕ್ಕದಲ್ಲಿ! ಬೆಳಿಗ್ಗೆ ಶಿಳ್ಳೆ ಹೊಡೆಯುತ್ತ ಆಲೂಗಡ್ಡೆ ಸುಲಿದ. ಕುರಿಮಾಂಸ ಓವನ್ನಿನಲ್ಲಿದೆ. ಇಡೀ ಮನೆ ಘಮಘಮ. ಸುಳ್ಳು ಹೇಳಿದೆ, ಹೌದು. ಇಂಥ ಭಾನುವಾರಕ್ಕಾಗಿ ಮತ್ತೆ ಹೇಳುತ್ತೇನೆ. ಯಾರಿಗೆ ನಷ್ಟ?

ಅಂಗಳದಲ್ಲಿ ಸೈಕಲ್ ಸದ್ದು. ಬಾಗಿಲು. ಇದ್ರಿಸ್ ಬಂದಿರಬೇಕು... ಇದ್ರಿಸ್ ಹತ್ತಿರ ಸೈಕಲ್ ಇಲ್ಲ.

ಕೆಳಗಿನಿಂದ ಟುಡುರ್ ಕೂಗಿದ: "ಕೆರಿ, ಊಟಕ್ಕೆ ಬಾ! ಮೂರು ತಟ್ಟೆ ಇಟ್ಟಿದೀನಿ!" ಎಷ್ಟು ಸಂತೋಷ ಆ ದನಿಯಲ್ಲಿ. ಮನೆಯಲ್ಲಿ ಇರುವುದು ನಾವಿಬ್ಬರೇ.

ಮೇಜಿನ ಮೇಲೆ ಏನೋ ಸರಿಯುವ ಸದ್ದು. ಡಬ್ಬಿ. ಆಮೇಲೆ ಬಾಟಲಿ. ನಿಧಾನ. ಟುಡುರ್ ನಗುತ್ತಿದ್ದಾನೆ. "ಇಲ್ಲಪ್ಪ, ಅಷ್ಟು ಹಿಂದೆ ಇರ್ಲಿಲ್ಲ ನಾನು. ಒಂದು ಗಜ ಮುಂದೆ. ಕೆರೀನೇ ಹೇಳಿದ್ಳಲ್ಲ."

ಮತ್ತೆ ಡಬ್ಬಿ ಸರಿಯಿತು. ಟುಡುರ್ ನಗು ನಿಂತಿತು.

ಈಗ ಮೆಲ್ಲಗೆ, ತುಂಬ ಮೆಲ್ಲಗೆ ಕೇಳುತ್ತಿದ್ದಾನೆ —

"ಹಾಗಾದ್ರೆ ಕೈ ಯಾಕೆ ಎತ್ತಿದ್ದು, ಅಪ್ಪಾ?"

ನಾನು ಕೆಳಗೆ ಹೋಗಬೇಕು, ಮಾವ ಹೇಳುವ ಮೊದಲು ನಾನೇ