ಮುಟ್ಟಬಾರದ ಕಡ್ಡಿ

ಕ್ಯಾರಿ,
ಜನವರಿ ೧೯೯೭

ಚಿ. ಯಶವಂತನಿಗೆ ಅಮ್ಮನ ಆಶೀರ್ವಾದಗಳು.

ನೀನು ಮಧುರಾಳನ್ನು ಬಿಟ್ಟು ಅಟ್ಲಾಂಟಾದಲ್ಲಿ ಬೇರೆ ಮನೆ ಮಾಡಿದ ಮೇಲೆ ಇದು ನನ್ನ ಮೊದಲ ಪತ್ರ. ಇಲ್ಲಿ ನಮ್ಮಿಬ್ಬರ ಮನೆ ಬೆಚ್ಚಗಿಡುವ ಫರ್ನೇಸ್ ಕೆಟ್ಟಿದೆ ಎಂದು ನಾನು ಫೋನಿನಲ್ಲಿ ಹೇಳಿದ್ದಕ್ಕೆ, ಮುಂದಿನ ಶನಿವಾರ ಬಂದು ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಟ್ಟಿದ್ದು ಗ್ಯಾಸ್ ಹೊತ್ತಿಸುವ ಇಗ್ನೈಟರ್ ಅಂತೆ. ನಿನ್ನೆ ಬೆಳಿಗ್ಗೆ ನಾನು ಮಡಿಯುಟ್ಟು ಪೂಜೆಗೆ ಕೂರುವಷ್ಟರಲ್ಲಿ ಮಧುರಾ ಹೊಸದನ್ನು ತಂದಳು. ಗಿಡ್ಡನೆಯ ಬೂದು ಕಡ್ಡಿ. ನೋಡೋಣವೆಂದು ಕೈ ಚಾಚಿದೆ.

"ಅಮ್ಮಾ, ಮುಟ್ಟಬೇಡಿ! ಬೆರಳಿನ ಜಿಡ್ಡು ತಾಗಿದ್ರೆ ಕಾದಾಗ ಒಡೆದುಹೋಗತ್ತೆ," ಎಂದು ಕೂಗಿದಳು.

ನೋಡು, ಮುಟ್ಟಬೇಡಿ ಎಂದು ಮನೆಮಂದಿಗೆಲ್ಲ ಹೇಳುತ್ತಾ ಬಂದವಳು ನಾನು! ಒಗೆದು ಒಣಗಿಸಿದ್ದ ನನ್ನ ಮಡಿಬಟ್ಟೆಯನ್ನೇ ತಂದುಕೊಟ್ಟೆ. ಅದರಲ್ಲಿ ಹಿಡಿದು ಕಡ್ಡಿಯನ್ನು ಕೂರಿಸಿದಳು. ಟಾರ್ಚ್ ಬಿಟ್ಟವಳು ನಾನು.

ಬೆಂಕಿಕಡ್ಡಿ ಗೀರಲಿಲ್ಲ ಕಣೋ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಆ ಬೂದು ಕಡ್ಡಿ ಒಳಗಿನಿಂದಲೇ ಕೆಂಪಾಯಿತು, ಕಿತ್ತಳೆಯಾಯಿತು, ಕಣ್ಣು ಕೋರೈಸಿತು. ಆಮೇಲೆ ಗ್ಯಾಸ್ ಭುಗ್ಗೆಂದಿತು, ಸಾಲಾಗಿ ನೀಲಿ ಉರಿ ನಿಂತಿತು. ಅರವತ್ತು ವರ್ಷ ದೀಪ ಹಚ್ಚಿದ ಕೈ ತಾನಾಗಿ ಮುಗಿಯಿತು.

ಶನಿವಾರ ಬರಬೇಡ. ಬರಬೇಕೆನಿಸಿದರೆ ಮೊದಲು ಮಧುರಾಳಿಗೆ ಫೋನ್ ಮಾಡಿ, ಬರಲೇ ಎಂದು ಅವಳನ್ನು ಕೇಳು. ನನ್ನ ಕಪ್ಪು ಶಾಲು ನಿನ್ನ ಕಾರಿನಲ್ಲಿ ಉಳಿದಿದೆ, ಪೋಸ್ಟಿನಲ್ಲಿ ಕಳಿಸು.

ಇನ್ನೊಂದು ವಿಷಯ. ಉರಿ ಹತ್ತಿದ ಕೂಡಲೇ ಆ ಹುಡುಗಿ ಮಸಿಗೈಯಲ್ಲೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನಾನು ಮತ್ತೆ ಸ್ನಾನ ಮಾಡಲಿಲ್ಲ. ಹಾಗೆಯೇ ಪೂಜೆಗೆ ಕೂತೆ.

ಇಲ್ಲೇ ಇರುವ,
ನಿನ್ನ ಅಮ್ಮ