ಅಡುಗೆಮನೆ ಬಾಗಿಲಿನಿಂದ ಕಂಡ ಟೀವಿ

ಜನವಾಡ, ಬೀದರ ತಾಲ್ಲೂಕು
೧೫-೪-೨೦೧೩

ಸಖುವಿನ ಅಪ್ಪನವರಿಗೆ ಚಂದ್ರಭಾಗಾಳ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ನಿಂತಿತೇ? ಪುಣೆಯ ಸಿಮೆಂಟಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಮೇಸ್ತ್ರಿಯಾದ ಮೇಲೆ ಅದೂ ಮರ್ಯಾದೆಗೆ ಕಡಿಮೆಯೋ? ಫೋನಿನಲ್ಲಿ ಕೇಳಿದರೆ "ಎಲ್ಲಾ ಛಲೋ ಅದ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ನಿಮ್ಮ ಜೊತೆ ಕೆಲಸ ಮಾಡುವ ಭಾಲ್ಕಿಯ ಮಚ್ಛೇಂದ್ರ ರಜೆ ಮುಗಿಸಿ ಹೊರಟಿರುವಾಗ ಅವನ ಕೈಗೆ ಈ ಪತ್ರ ಕೊಡುತ್ತಿದ್ದೇನೆ. ಇಲ್ಲಿ ನಾವು ಕ್ಷೇಮ. ಬಾವಿ ತಳ ಕಂಡಿದೆ, ಟ್ಯಾಂಕರ್ ಬಂದ ದಿನ ನೀರು. ಮಾವನ ಕುರಿಗಳನ್ನು ದೀಪಾವಳಿ ಮುಗಿದ ಮೇಲೆ ಗೋದಾವರಿ ಕಡೆ ಹೊಡೆದುಕೊಂಡು ಹೋದ ಚಿಕ್ಕಮಾವ ಇನ್ನೂ ಬಂದಿಲ್ಲ, ದೊಡ್ಡಿ ಖಾಲಿ. ಔರಾದದ ನನ್ನ ತವರಿನವರೂ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಹೋದರು.

ಇನ್ನು ನಿಮ್ಮ ಟೀವಿಯ ಸುದ್ದಿ. "ಯುಗಾದಿಗಿ ಬರ್ಲಿಕ್ಕ ಆಗಂಗಿಲ್ಲ, ಒಂದು ದೊಡ್ಡ ಟೀವಿ ತಗೋರಿ, ತೆಳ್ಳಗಿಂದೇ ತಗೋರಿ" ಎಂದಿರಲ್ಲ, ಮಾವ, ಸಖು, ನಾನು ಬೀದರಿಗೆ ಹೋಗಿದ್ದೆವು. ಅಂಗಡಿಯ ಫಕ್ರೋದ್ದೀನ ಭಾಯಿ ಮೂರು ಟೀವಿ ಹಚ್ಚಿ ತೋರಿಸಿದರು. ಎಲ್‌ಸಿಡಿಯ ಬೆನ್ನಿಗೆ ಟ್ಯೂಬ್‌ಲೈಟು ಇರುತ್ತದಂತೆ. ಎಲ್‌ಇಡಿ ಎಂದರೆ ಅದೇ ಪರದೆ, ಹಿಂದೆ ಸಣ್ಣ ಸಣ್ಣ ದೀಪ, ಅಷ್ಟೇ. ಅದಕ್ಕೇ ತೆಳ್ಳಗೆ, ಕರೆಂಟೂ ಕಡಿಮೆ. ಪ್ಲಾಸ್ಮಾದಲ್ಲಿ ಹಿಂದೆ ದೀಪವೇ ಇಲ್ಲ, ಪರದೆಯ ಚುಕ್ಕೆಗಳೇ ಬೆಳಗುತ್ತವೆ. "ಕಾಕಾ, ಇದರಾಗ ಕಪ್ಪ ಅಂದ್ರ ಖರೇನ ಕಪ್ಪರಿ. ಯಾವ ಕಡಿಂದ ನೋಡಿದ್ರೂ ಬಣ್ಣ ಹಾಂಗೇ ಇರ್ತದ. ಆದ್ರ ವಜ್ಜಿ ಭಾಳ, ಎತ್ತಲಿಕ್ಕ ಇಬ್ಬರು ಬೇಕು, ಕರೆಂಟ್ ಭಾಳ ತಿಂತದ" ಎಂದರು. ಮಾವ ನಟ್ಟನಡುವೆ ನಿಂತು ನೋಡಿ, "ನಂಗ ಎಲ್ಲಾ ಒಂದೇ ಕಾಣಸ್ತಾವ. ಮಗ ಹೇಳಿದ್ದೇ ಕೊಡ್ರಿ" ಎಂದುಬಿಟ್ಟರು.

ನಾನು ಸೆರಗು ಹೊದ್ದು ಅವರ ಹಿಂದೆ, ಬದಿಗೆ ನಿಂತಿದ್ದೆ. ಅಲ್ಲಿಂದ ಪ್ಲಾಸ್ಮಾದ ಹುಡುಗಿಯ ಸೀರೆ ಕೆಂಪಗೇ ಇತ್ತು, ಎಲ್‌ಇಡಿಯಲ್ಲಿ ಮಾತ್ರ ತೊಳೆದು ತೊಳೆದು ಬಣ್ಣ ಹೋದಂತಿತ್ತು. ಆದರೆ ಮಾವನ ಎದುರು, ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ಹೇಗೆ? ಅಂಗನವಾಡಿಯಲ್ಲಿ ಇಡೀ ದಿನ ಮಾತಾಡುವವಳು ಅಲ್ಲಿ ಮೂಕಿಯಾದೆ. ತೆಳ್ಳಗಿನದೇ ಮನೆಗೆ ಬಂತು.

ಈಗ ಅದು ಪಡಸಾಲೆಯ ಗೋಡೆಯ ಮೇಲಿದೆ. ಎದುರಿಗೆ ಮಾವನ ಮಂಚ. ನನ್ನ ಜಾಗ ನಿಮಗೆ ಗೊತ್ತೇ ಇದೆ, ಅಡುಗೆಮನೆಯ ಬಾಗಿಲು, ಟೀವಿಯ ಪೂರಾ ಬದಿಗೆ. ಹಬ್ಬದ ದಿನ ಮಚ್ಛೇಂದ್ರ ಪುಣೆಯಿಂದ ಪೆನ್‌ಡ್ರೈವಿನಲ್ಲಿ ತಂದಿದ್ದ ನಿಮ್ಮ ವಿಡಿಯೋ ಹಚ್ಚಿದ. "ನಾ ಛಲೋ ಅದೀನಿ, ಹೊಟ್ಟಿ ತುಂಬ ಉಣ್ತೇನಿ" ಎನ್ನುತ್ತಿದ್ದಿರಿ. ಮಾವ ಖುಷಿಯಿಂದ ತೊಡೆ ತಟ್ಟಿದರು. ನನಗೆ ಕಂಡದ್ದು ಬೂದಿ ಬಳಿದಂಥ ಒಂದು ಮುಖ. ವರ್ಷವಾದ ಮೇಲೆ ಗಂಡನ ಮುಖ ನೋಡುವುದೂ ಹೀಗೇ ಆಯಿತಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು. ಫಕ್ರೋದ್ದೀನ ಭಾಯಿ ಬದಲಿಸಿ ಕೊಡುತ್ತಾರಂತೆ. ನೀವೇ ಮಾವನಿಗೆ ಹೇಳಿ ಪ್ಲಾಸ್ಮಾ ತರಿಸಿ. ಕರೆಂಟ್ ತಿಂದರೆ ತಿನ್ನಲಿ, ಹೇಗೂ ಅರ್ಧ ದಿನ ಅದು ಇರುವುದಿಲ್ಲ.

ಸಖುವಿನ ಪರೀಕ್ಷೆ ಮುಗಿದಿದೆ. ಅವಳ ನಮಸ್ಕಾರ, ಮಾವನ ಆಶೀರ್ವಾದ. ಮೈ ಕಡೆ ನಿಗಾ ಇರಲಿ.

ನಿಮ್ಮ
ಚಂದ್ರಭಾಗಾ

ತಾ.ಕ.: ಮಚ್ಛೇಂದ್ರ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗ ಸಖು ನಿಮ್ಮ ವಿಡಿಯೋ ಮತ್ತೆ ಹಚ್ಚಿದಳು. ಮಾವ ನನ್ನ ಕಡೆ ಒಮ್ಮೆ ನೋಡಿ, "ನಾ ಕುರಿ ನೋಡಿ ಬರ್ತೇನಿ" ಎಂದು ಎದ್ದು ಹೋದರು. ದೊಡ್ಡಿಯಲ್ಲಿ ಯಾವ ಕುರಿ ಇದೆ? ನಾನು ಹೋಗಿ ಅವರ ಮಂಚದ ಮುಂದೆ, ಟೀವಿಗೆ ಎದುರಾಗಿ ಕೂತೆ. ಸಖುವಿನ ಅಪ್ಪಾ, ವಿಡಿಯೋದಲ್ಲಿ ನಿಮ್ಮ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ಬಣ್ಣ ಸರಿಯಾಗಿಯೇ ಇತ್ತು. ನಿಮ್ಮ ಮುಖ ಮಾತ್ರ ಎದುರಿನಿಂದಲೂ ಬೂದಿಯೇ. ಕೆನ್ನೆ ಒಳಗೆ ಹೋಗಿದೆ, ಕೊರಳ ಎಲುಬು ಎದ್ದಿದೆ. ಮಾವ ಒಳಗೆ ಬಂದು, "ನನ್ನ ಕಣ್ಣಿನ ಮ್ಯಾಲ ನಂಗ ಭರೋಸಾ ಇಲ್ಲವ್ವಾ. ಖರೇ ಹೇಳು, ಹ್ಯಾಂಗ ಅದಾನ?" ಎಂದು ಕೇಳಿದರು. ಮೊದಲ ಸಲ ಅವರ ಎದುರು ಬಾಯಿ ಬಿಟ್ಟೆ: "ಭಾಳ ಸೊರಗ್ಯಾರ್ರಿ." ಟೀವಿ ಬದಲಿಸುವುದು ಬೇಡ. ಫೋನ್ ಮಾಡಿ ಛಲೋ ಅದೀನಿ ಎನ್ನುವುದೂ ಬೇಡ. ಬಸ್ ಹತ್ತಿ.